ಗಿಟಾರಿಗೂ ಮೊದಲಿನ ಹದಿನಾಲ್ಕು ಪೆಟ್ಟು

ಅವರ ಎಡಗೈ ಹೆಬ್ಬೆರಳಿನ ಮೇಲೆ ಐದಾರು ಸಣ್ಣ ಬಿಳಿ ಗೀರುಗಳಿದ್ದವು. ಸ್ಕೇಲ್ ಇಟ್ಟು ಎಳೆದ ಹಾಗೆ ಒಂದರ ಪಕ್ಕ ಒಂದು. ತರಕಾರಿ ಹೆಚ್ಚುವಾಗ ಆದದ್ದಿರಬೇಕು ಅಂದುಕೊಂಡಿದ್ದೆ. ಒಮ್ಮೆ ಕೇಳಿಯೇಬಿಟ್ಟಾಗ ನಕ್ಕರು. "ಬ್ಲೇಡು ಮಾರಾಯ್ತಿ. ಟೇಪು ಕತ್ತರಿಸಿ ಅಂಟಿಸುವಾಗ ಆದದ್ದು. ಆಗ ನಿಮ್ಮ ಹಾಗೆ ಕಂಪ್ಯೂಟರ್ ಎಲ್ಲಿತ್ತು? ಒಂದು ತಪ್ಪು ತೆಗೀಬೇಕಾದ್ರೆ ಕೊಯ್ದೇ ತೆಗೀಬೇಕು. ಕೊಯ್ಯುವ ಮೊದ್ಲು ಹತ್ತು ಸರ್ತಿ ಕೇಳ್ತಿದ್ದೆವು."

ಸನ್ನಿವೇಲಿನ ಅಪಾರ್ಟ್‌ಮೆಂಟಿನಲ್ಲಿ ಅವರದು ಕೆಳಗಿನ ಮನೆ, ನಮ್ಮದು ಅದರ ಮೇಲಿನದು. ನಾನು ಮೈಸೂರಿನವಳು, ಅವರು ಉಡುಪಿ ಕಡೆಯವರು. ಪರಿಚಯವಾದ ಮೊದಲ ವಾರದಲ್ಲೇ ಅವರು ನನಗೆ ಅಂಕಲ್, ಅವರ ಹೆಂಡತಿ ಆಂಟಿ. ಈ ಊರಿನಲ್ಲಿ ಎಪ್ಪತ್ತು ದಾಟಿದ ನಮ್ಮವರನ್ನು ಏನು ಕೆಲಸದಲ್ಲಿದ್ದಿರಿ ಎಂದು ಕೇಳಿದರೆ ಒಂದೋ ಕಂಪ್ಯೂಟರ್ ಚಿಪ್ಪಿನ ಕಂಪನಿ ಅನ್ನುತ್ತಾರೆ, ಇಲ್ಲವೇ ಡಾಕ್ಟರ್ ಅನ್ನುತ್ತಾರೆ. ಅಂಕಲ್ ಎರಡೂ ಅಲ್ಲ. ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಓದಲು ಬಂದು, ಅದನ್ನು ಅರ್ಧಕ್ಕೆ ಬಿಟ್ಟು, ಇಲ್ಲಿನ ಕೊಲ್ಲಿಯ ಆಚೆ ದಡದ ಒಂದು ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ಟೇಪ್ ಆಪರೇಟರ್ ಆಗಿ ಸೇರಿದವರು. ಸ್ಟುಡಿಯೋ ಆಗುವ ಮೊದಲು ಆ ಕಟ್ಟಡ ಹಣ್ಣನ್ನು ಡಬ್ಬಿಗೆ ತುಂಬುವ ಕಾರ್ಖಾನೆಯಾಗಿತ್ತಂತೆ. ಟೇಪು ಏರಿಸುವುದು, ಯಂತ್ರದ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸುವುದು, ಹೇಳಿದಾಗ ಗುಂಡಿ ಒತ್ತುವುದು, ಎಲ್ಲ ಮುಗಿದ ಮೇಲೆ ಟೇಪಿನ ಡಬ್ಬಿಯ ಮೇಲೆ ಹಾಡಿನ ಹೆಸರು ಬರೆದಿಡುವುದು, ಇವಿಷ್ಟು ಕೆಲಸ. "ಹಾಡಿದವರ ಹೆಸರು ಲೋಕಕ್ಕೆಲ್ಲ ಗೊತ್ತು. ಗುಂಡಿ ಒತ್ತಿದವರ ಹೆಸರು ನಂಗೆ ಮಾತ್ರ ಗೊತ್ತು" ಎಂದು ಆಂಟಿ ಗೇಲಿ ಮಾಡುತ್ತಿದ್ದರು.

ಅವರ ಆಸ್ತಿಯೆಂದರೆ ಅವರ ಕಿವಿ. ನಮ್ಮ ಕಾಂಪ್ಲೆಕ್ಸಿನ ಲಾಂಡ್ರಿ ರೂಮಿಗೆ ಬಟ್ಟೆ ಹಾಕಲು ಹೋದಾಗ ಮೂರನೇ ಮೆಷಿನ್ನಿನ ಮುಂದೆ ನಿಂತು, "ಇದರ ಬೇರಿಂಗ್ ಹೋಗ್ಲಿಕ್ಕೆ ಆಯ್ತು, ಎರಡು ವಾರ" ಅನ್ನುತ್ತಿದ್ದರು. ಎರಡು ವಾರಕ್ಕೆ ಅದರ ಮೇಲೆ ಕೆಟ್ಟಿದೆ ಎಂಬ ಚೀಟಿ ಅಂಟಿರುತ್ತಿತ್ತು. ನಮ್ಮ ಮನೆಯ ನೆಲವೇ ಅವರ ಮನೆಯ ಸೂರು. ಮರದ ಕಟ್ಟಡ, ನಾವು ನಡೆದದ್ದೆಲ್ಲ ಕೆಳಗೆ ಕೇಳುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಮ್ಯಾನೇಜರಿಗೆ ದೂರು ಕೊಡುತ್ತಿದ್ದರು. ಅಂಕಲ್ ಮೆಟ್ಟಿಲಲ್ಲಿ ಸಿಕ್ಕಾಗ ಮೆಲ್ಲಗೆ ಕೇಳುತ್ತಿದ್ದರು, "ನಿನ್ನೆ ಎಂತ ಬೇಜಾರು? ಹೆಜ್ಜೆ ಭಾರ ಇತ್ತಲ್ಲ?" ಮನೆಯಲ್ಲಿ ನನ್ನ ಗಂಡನಿಗೆ ಗೊತ್ತಾಗದ್ದು ಕೆಳಗಿನ ಮನೆಯವರಿಗೆ ಗೊತ್ತಾಗುತ್ತಿತ್ತು. ಆಫೀಸಿನಲ್ಲಿ ಬೈಸಿಕೊಂಡು ಬಂದ ದಿನ ಆಂಟಿಯ ಕೈಯಲ್ಲಿ ಒಂದು ಡಬ್ಬಿ ತಿಂಡಿ ಮೇಲೆ ಬರುತ್ತಿದ್ದದ್ದು ಈ ಕಿವಿಯ ದೆಸೆಯಿಂದಲೇ.

ನಮ್ಮ ಕನ್ನಡದವರ ಕಾರ್ಯಕ್ರಮಗಳಿಗೆಲ್ಲ ಅವರದೇ ಸೌಂಡು. ಯಾವುದಾದರೂ ಹೈಸ್ಕೂಲಿನ ಆಡಿಟೋರಿಯಮ್ ಬಾಡಿಗೆಗೆ ಹಿಡಿದಿದ್ದರೆ ಬೆಳಿಗ್ಗೆ ಎಂಟಕ್ಕೇ ಹೋಗಿ ಮಿಕ್ಸರಿನ ಮುಂದೆ ಕುಳಿತುಬಿಡುತ್ತಿದ್ದರು. ಹಾಡುವವರು ಬಂದು "ಸ್ವಲ್ಪ ಎಕೋ ಹಾಕಿ ಅಂಕಲ್" ಎಂದು ಗೋಗರೆಯುತ್ತಿದ್ದರು. "ಎಕೋ ಹಾಕಿದ್ರೆ ಶ್ರುತಿ ಸರಿ ಆಗುದಿಲ್ಲ ಮಗಾ" ಎಂದು ಇವರು ಕೈಯಾಡಿಸುತ್ತಿದ್ದರು. ಇದರಿಂದ ಕೆಲವರಿಗೆ ಮುನಿಸೂ ಇತ್ತು. ಅವರಿಗೆ ಅದೇನೂ ತಾಗುತ್ತಿರಲಿಲ್ಲ. "ಮೊದ್ಲು ಕೇಳು, ಆಮೇಲೆ ಹೇಳು" ಎನ್ನುವುದು ಅವರ ಮಾತು. ಮಾತು ಶುರುವಾಗುವ ಮೊದಲು ಇದನ್ನೊಮ್ಮೆ ಹೇಳಿ, ಆಮೇಲೆ ಅವರೇ ಒಂದು ಗಂಟೆ ಮಾತಾಡುತ್ತಿದ್ದರು.

ಆ ಒಂದು ಗಂಟೆಯಲ್ಲಿ ಹೆಚ್ಚಾಗಿ ಬರುತ್ತಿದ್ದದ್ದು ಆ ಹಾಡಿನ ಕತೆ. ಹಾಡಿನ ಹೆಸರನ್ನಾಗಲಿ ಬ್ಯಾಂಡಿನ ಹೆಸರನ್ನಾಗಲಿ ನಾನಿಲ್ಲಿ ಬರೆಯುವಂತಿಲ್ಲ, ನನ್ನ ಕೆಲಸದ ಕರಾರು ಹಾಗಿದೆ. ಹಾರ್ಡ್ ರಾಕ್ ಅಂದರೆ ತಲೆನೋವು ಅನ್ನುವವರೂ ಅದನ್ನು ಎಲ್ಲೋ ಒಂದು ಕಡೆ ಕೇಳಿರುತ್ತೀರಿ ಎಂದಷ್ಟೇ ಹೇಳಬಲ್ಲೆ. ಅದರ ಗಿಟಾರಿನ ಸಾಲು ಏಳು ಮಾತ್ರೆಯದು. ಗಿಟಾರಿನವನು ಅದನ್ನು ಎಲ್ಲಿಂದ ತಂದನೋ, ಅವನಿಗೇ ಗೊತ್ತಿರಲಿಲ್ಲವಂತೆ. ಬೆರಳಿಗೆ ಬಂತು, ನುಡಿಸಿದ. ತೊಂದರೆಯಾದದ್ದು ಡ್ರಮ್ಮಿನವನಿಗೆ. ಅವನು ಹುಟ್ಟಿದಾಗಿನಿಂದ ನಾಲ್ಕು ಮತ್ತು ನಾಲ್ಕು, ಎಂಟರ ಲೆಕ್ಕದಲ್ಲೇ ಹೊಡೆದು ಬೆಳೆದವನು.

"ಪ್ರತಿ ಸರ್ತಿ ಒಂದು ಪೆಟ್ಟು ಜಾಸ್ತಿ ಹೊಡೀತಿದ್ದ. ಗಿಟಾರಿನವ ಎದುರು ಬಂದು ಡಿಕ್ಕಿ. ಮೂರು ದಿವಸ ಅದೇ ಕತೆ. ಕಡೆಗೆ ಅವ ಕೋಲು ಬಿಸಾಡಿ ಹೊರಗೆ ಹೋಗಿ ಕೂತ. ನಾನು ಟೇಪು ಬದಲಾಯಿಸ್ಲಿಕ್ಕೆ ಹೋದವ. ನೋಡಿ ಪಾಪ ಅನಿಸಿತು. ಚಿಕ್ಕಂದಿನಲ್ಲಿ ಭಜನೆಗೆ ತಾಳ ಹಾಕಿದ ಕೈ ಅಲ್ವಾ, ಏಳರ ಮಿಶ್ರಛಾಪು ತಾಳ ನಮಗೆ ಎಂತ ದೊಡ್ಡ ವಿಷಯ? ಅವನ ಹತ್ರ ಹೇಳಿದೆ, ಏಳು ಎಣಿಸ್ಬೇಡ ಮಾರಾಯ. ಮೂರು ಎಣಿಸು, ಮತ್ತೆ ನಾಲ್ಕು ಎಣಿಸು. ತಕಿಟ ತಕಧಿಮಿ."

ಡ್ರಮ್ಮಿನವನು ಒಳಗೆ ಬಂದು, ಗುಂಡಿ ಒತ್ತಲು ಬೇರೆಯವರಿಗೆ ಹೇಳಿ, ಇವರನ್ನು ಪಕ್ಕದಲ್ಲೇ ಕೂರಿಸಿಕೊಂಡನಂತೆ. ಇವರು ಟೇಪಿನ ರಟ್ಟಿನ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬೆರಳಿನಲ್ಲಿ ಎರಡು ಆವರ್ತ ತಟ್ಟಿದರು, ಹದಿನಾಲ್ಕು ಪೆಟ್ಟು. ಹದಿನೈದಕ್ಕೆ ಗಿಟಾರು, ಡ್ರಮ್ಮು ಎರಡೂ ಒಟ್ಟಿಗೆ ಬಂದವು, ಕೊನೆಯವರೆಗೂ ಬಿಡಲಿಲ್ಲ. ಆ ಒಂದೇ ಸಲದ ರೆಕಾರ್ಡಿಂಗೇ ಲೋಕಕ್ಕೆ ಹೋದದ್ದು. ಡಬ್ಬಿ ತಟ್ಟಿದ್ದು ಡ್ರಮ್ಮಿನ ಮೈಕಿಗೆ ಬಿದ್ದಿತ್ತು. ಕತ್ತರಿಸಲು ಇವರೇ ಬ್ಲೇಡು ತೆಗೆದಾಗ ಡ್ರಮ್ಮಿನವನು ಕೈ ಹಿಡಿದು, ಇರಲಿ ಬಿಡು ಅಂದನಂತೆ.

"ನಾನೆಂತ ಮಾಡ್ಲಿಲ್ಲ, ಎಣಿಸಿದೆ ಅಷ್ಟೆ" ಎಂದು ಅಂಕಲ್ ಕತೆ ಮುಗಿಸುತ್ತಿದ್ದರು. ಹೆಸರು ಹಾಕಲಿಲ್ಲವೆಂಬ ದೂರು ಅವರಲ್ಲಿರಲಿಲ್ಲ. ಒಂದೇ ಒಂದು ಆಸೆಯಿತ್ತು. ಓಕ್‌ಲ್ಯಾಂಡಿನಲ್ಲಿರುವ ಮಗಳು ಅದನ್ನೊಮ್ಮೆ ಕೇಳಬೇಕು. ಮಗಳು ಚಿಕ್ಕಂದಿನಿಂದ ಈ ಕತೆ ಕೇಳಿ ಬೆಳೆದವಳು, ಶಾಲೆಯಲ್ಲಿ ಗೆಳತಿಯರ ಮುಂದೆ ಹೇಳಿ ನಗೆಪಾಟಲಾದವಳು. ರೆಕಾರ್ಡುಗಳನ್ನೆಲ್ಲ ಮನೆ ಬದಲಾಯಿಸುವಾಗ ಕೊಟ್ಟುಬಿಟ್ಟಿದ್ದರು. ಫೋನಿನಲ್ಲಿ ಸಿಗುತ್ತಿದ್ದ ಹಾಡಿನ ಆರಂಭದಲ್ಲಿ ಬರೀ ಸುರ್ರೆನ್ನುವ ಗದ್ದಲ. "ಅದರ ಅಡಿಯಲ್ಲಿ ಉಂಟು. ನಂಗೆ ಕೇಳ್ತದೆ, ಅವಳಿಗೆ ಕೇಳುದಿಲ್ಲ" ಅನ್ನುತ್ತಿದ್ದರು.

ನಾನು ನಂಬಿದ್ದೆನೇ? ಇಲ್ಲ. ಲೋಕದ ಒಳ್ಳೆಯದನ್ನೆಲ್ಲ ನಮ್ಮವರೇ ಮೊದಲು ಮಾಡಿದ್ದು ಎಂಬ ವಾಟ್ಸಾಪ್ ಸಂದೇಶಗಳನ್ನು ದಿನಕ್ಕೆ ನಾಲ್ಕು ಓದುತ್ತಿದ್ದವಳು ನಾನು. ಇದನ್ನೂ ಅದೇ ಬುಟ್ಟಿಗೆ ಹಾಕಿದ್ದೆ. ಎದುರಿಗೆ ತಲೆಯಾಡಿಸಿ, ಮೇಲೆ ಬಂದು ಗಂಡನ ಹತ್ತಿರ ನಗುತ್ತಿದ್ದೆ.

ನಾನು ಕೆಲಸ ಮಾಡುವುದು ಸ್ಯಾನ್ ಹೋಸೆಯ ಒಂದು ಪುಟ್ಟ ಆಫೀಸಿನಲ್ಲಿ. ಹಳೆಯ ಧ್ವನಿಮುದ್ರಣಗಳ ಕೊಳೆ ತೊಳೆದುಕೊಡುವುದು ನಮ್ಮ ಕಸುಬು. ಸುರ್ರೆನ್ನುವುದು, ಟಿಕ್ಕೆನ್ನುವುದು, ಕೆಮ್ಮು, ಕುರ್ಚಿಯ ಕಿರ್ರೆನ್ನುವ ಸದ್ದು, ಎಲ್ಲವನ್ನೂ ತೆಗೆಯುವುದು. ಒಂದು ದಿನ ಆ ಬ್ಯಾಂಡಿನ ಆಲ್ಬಮ್ಮೇ ನಮ್ಮಲ್ಲಿಗೆ ಬಂತು. ಹೊಸದಾಗಿ ಬಿಡುಗಡೆ ಮಾಡುತ್ತಾರೆ, ಹಳೆಯದನ್ನು ಎಲ್ಲ ಕಡೆಯಿಂದ ತೆಗೆಯುತ್ತಾರೆ ಎಂದರು. ಅಂಕಲ್‌ಗೆ ಹೇಳಿದೆ. ಹೇಳಬಾರದಿತ್ತು, ಅದೂ ಕರಾರಿಗೆ ವಿರುದ್ಧ, ಆದರೆ ಜಂಬ ತಡೆಯಲಿಲ್ಲ. ಅವರು ಎದ್ದು ನಿಂತುಬಿಟ್ಟರು. "ನೀನು ತೊಳೀತಿಯಾ? ಹಾಗಾದ್ರೆ ಈಗ ಮಗಳಿಗೆ ಕೇಳ್ತದೆ!"

ಮೂಲ ಟೇಪಿನ ಜೊತೆಗೆ ಡಬ್ಬಿಯ ಫೋಟೋಗಳೂ ಬರುತ್ತವೆ. ಆ ಹಾಡಿನ ಡಬ್ಬಿಯ ಫೋಟೋ ತೆರೆದೆ. ಇಂಗ್ಲಿಷಿನಲ್ಲಿ ಹಾಡಿನ ಹೆಸರು, ಟೇಪಿನ ವೇಗ. ಎಲ್ಲಕ್ಕಿಂತ ಮೇಲೆ, ನಡುವಿನಲ್ಲಿ, ಪುಟ್ಟದಾಗಿ ಕನ್ನಡದಲ್ಲಿ ಶ್ರೀ ಎಂದು ಬರೆದಿತ್ತು. ನಮ್ಮ ಮನೆಗಳಲ್ಲಿ ಕಾಗದ ಬರೆಯುವ ಮೊದಲು, ಸಾಮಾನಿನ ಚೀಟಿಯ ಮೇಲೂ ಬರೆಯುವ ಹಾಗೆ. ಪಕ್ಕದ ಮೇಜಿನವನು ನೋಡಿ, ಯಾರೋ ಪೆನ್ನು ಬರೆಯುತ್ತದೆಯೇ ಎಂದು ಗೀಚಿ ನೋಡಿದ್ದಾರೆ ಅಂದ. ಆ ಸ್ಟುಡಿಯೋದಲ್ಲಿ ಕನ್ನಡ ಬರೆಯುವವರು ಇನ್ನಾರಿದ್ದರು? ಹೆಡ್‌ಫೋನ್ ಹಾಕಿಕೊಂಡು ಗದ್ದಲವನ್ನು ಮೆಲ್ಲಗೆ ಇಳಿಸುತ್ತಾ ಹೋದೆ. ಮೂರು, ನಾಲ್ಕು, ಮೂರು, ನಾಲ್ಕು. ರಟ್ಟಿನ ಮೇಲೆ ಬೆರಳು. ಅವರು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ನಾಚಿಕೆಯೂ ಆಯಿತು, ಖುಷಿಯೂ ಆಯಿತು. ಅವರಿಗೆ ಆಗಲೇ ಹೇಳಲಿಲ್ಲ. ಹಾಡು ಹೊರಬಂದ ದಿನ ಅವರೇ ಕೇಳಿ ಕುಣಿಯಲಿ ಎಂದು ಆ ಪೆಟ್ಟುಗಳನ್ನು ನೀಟಾಗಿ ಉಳಿಸಿ, ಮುಂದಕ್ಕೆ ಕಳಿಸಿದೆ.

ಶುಕ್ರವಾರ ಮಧ್ಯಾಹ್ನ ಅದು ವಾಪಸು ಬಂತು. ನಮ್ಮ ಮೇಲಧಿಕಾರಿಯ ಒಂದು ಸಾಲಿನ ಟಿಪ್ಪಣಿ, ಆರಂಭದಲ್ಲಿ ಶಬ್ದ ಉಳಿದಿದೆ, ತೆಗೆಯಿರಿ. ಗಿಟಾರಿಗೆ ಮೊದಲು ಪೂರ್ತಿ ನಿಶ್ಶಬ್ದ ಇರಬೇಕೆಂದು ಕೆಲಸ ಕೊಟ್ಟವರು ಬರೆದೇ ಕೊಟ್ಟಿದ್ದರು. ನಾನೂ ಒಂದು ಸಾಲು ಬರೆಯಬಹುದಿತ್ತು. ಬರೆಯಲು ಶುರು ಮಾಡಿದೆ ಕೂಡ. ಇದು ಶಬ್ದ ಅಲ್ಲ, ಟೇಪ್ ಆಪರೇಟರ್ ತಾಳ ತಟ್ಟಿದ್ದು ಎಂದು. ನಿನಗೆ ಹೇಗೆ ಗೊತ್ತು ಎಂದು ಕೇಳುತ್ತಾರೆ. ಕೆಳಗಿನ ಮನೆಯ ಅಂಕಲ್ ಹೇಳಿದರು ಎಂದು ಮೀಟಿಂಗಿನಲ್ಲಿ ಹೇಳುವ ನನ್ನನ್ನು ನಾನೇ ಊಹಿಸಿಕೊಂಡೆ. ಹಾಡಿನ ವಿಷಯ ಹೊರಗೆ ಬಾಯಿಬಿಟ್ಟದ್ದೂ ಗೊತ್ತಾಗುತ್ತಿತ್ತು. ಆ ತಿಂಗಳು ಆಗಲೇ ಎರಡು ಸಲ ನನ್ನ ಕೆಲಸ ವಾಪಸು ಬಂದಿತ್ತು. ಗಡಿಯಾರ ನೋಡಿದರೆ ನಾಲ್ಕೂ ಇಪ್ಪತ್ತು. ನಾಲ್ಕೂವರೆಗೆ ಹೊರಡದಿದ್ದರೆ ಫ್ರೀವೇ ತುಂಬ ಗಾಡಿ ಕಟ್ಟಿಕೊಳ್ಳುತ್ತದೆ, ಡೇಕೇರಿನಲ್ಲಿ ನನ್ನ ಮಗು ಕೊನೆಯದಾಗಿ ಉಳಿಯುತ್ತದೆ. ಬರೆದದ್ದನ್ನು ಅಳಿಸಿದೆ. ಹದಿನಾಲ್ಕು ಪೆಟ್ಟನ್ನು ಆಯ್ದು, ಅವನ್ನೂ ತೆಗೆದೆ. ಒಂದು ನಿಮಿಷವೂ ಹಿಡಿಯಲಿಲ್ಲ. ತೆಗೆದ ಕಸವನ್ನು ಬೇರೆ ಕಡತದಲ್ಲಿ ಇಡುವುದು ನಮ್ಮಲ್ಲಿ ರೂಢಿ, ಕಸದ ಜೊತೆ ಹಾಡೂ ಹೋಗಿದೆಯೇ ಎಂದು ಆಮೇಲೆ ಪರೀಕ್ಷಿಸಲು. ಅಲ್ಲಿಟ್ಟು, ಬ್ಯಾಗು ಎತ್ತಿಕೊಂಡು ಓಡಿದೆ. ಅವತ್ತು ಟ್ರಾಫಿಕ್ಕೇ ಇರಲಿಲ್ಲ. ಐದಕ್ಕೆಲ್ಲ ಡೇಕೇರಿನಲ್ಲಿದ್ದೆ.

ಹೊಸ ಹಾಡು ಬಂದ ವಾರ ಅಂಕಲ್ ಭಾನುವಾರದ ಊಟಕ್ಕೆ ಮಗಳನ್ನು ಕರೆಸಿದರು. ನನಗೂ ಕರೆ ಬಂತು. "ತೊಳೆದವಳೇ ಇಲ್ಲದಿದ್ರೆ ಹೇಗೆ?" ಆಂಟಿ ನೀರ್‌ದೋಸೆ ಮಾಡಿದ್ದರು. ಅಂಕಲ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಮಗಳನ್ನು ಕುರ್ಚಿಯಲ್ಲಿ ಕೂರಿಸಿ, ತಮ್ಮ ಹಳೆಯ ದೊಡ್ಡ ಹೆಡ್‌ಫೋನನ್ನು ಅವಳ ಕಿವಿಗೆ ತಾವೇ ತೊಡಿಸಿದರು. ಅವಳು ಕಣ್ಣು ಮುಚ್ಚಿ ಕೇಳಿದಳು. ನಿಜವಾಗಿಯೂ ಕೇಳಲು ಕುಳಿತಿದ್ದಳು, ಅದನ್ನು ನಾನು ನೋಡಿದೆ. ಗಿಟಾರು ಬಂದೊಡನೆ ಕಣ್ಣು ತೆರೆದು, "ನಥಿಂಗ್, ಅಪ್ಪ. ಇಟ್ಸ್ ಜಸ್ಟ್ ಸೈಲೆಂಟ್" ಅಂದಳು.

"ಇಲ್ಲ ಇಲ್ಲ, ತಾ ಇಲ್ಲಿ" ಎಂದು ಅವರು ಹಾಕಿಕೊಂಡರು. ಒಂದು ಸಲ ಕೇಳಿದರು. ವಾಲ್ಯೂಮ್ ಏರಿಸಿ ಇನ್ನೊಂದು ಸಲ ಕೇಳಿದರು. ಮೂರನೇ ಸಲ ಪೂರ್ತಿ ಏರಿಸಿದ್ದರಿಂದ ಗಿಟಾರು ಬಂದು ಹೊಡೆದಾಗ ಇಡೀ ಮೈ ಬೆಚ್ಚಿತು. ಹೆಡ್‌ಫೋನ್ ತೆಗೆದು, ಮಗಳನ್ನು ನೋಡಲಿಲ್ಲ, ನನ್ನನ್ನು ನೋಡಿದರು. "ನಿಂಗೆ ಕೇಳ್ತದಾ ನೋಡು."

ನಾನು ಹಾಕಿಕೊಂಡೆ. ನಾನೇ ಮಾಡಿದ ನಿಶ್ಶಬ್ದ. ಅದರಷ್ಟು ಚೊಕ್ಕವಾಗಿ ನಾನು ಯಾವ ಕೆಲಸವನ್ನೂ ಮಾಡಿರಲಿಲ್ಲ. ಆಗಲಾದರೂ ಹೇಳಬಹುದಿತ್ತು. ಬೈಯುತ್ತಿದ್ದರು, ಬಹಳವೆಂದರೆ ಒಂದು ತಿಂಗಳು ಮಾತು ಬಿಡುತ್ತಿದ್ದರು. ಅವರ ಮುಖ ನೋಡಿ ನನ್ನ ಬಾಯಿಂದ ಬಂದದ್ದೇ ಬೇರೆ. "ಇದೆ ಅಂಕಲ್. ತುಂಬಾ ಸಣ್ಣಗೆ ಕೇಳಿಸ್ತಿದೆ."

ದೊಡ್ಡ ಉಪಕಾರ ಮಾಡಿದೆ ಅಂದುಕೊಂಡೆ. ಮಗಳು ನನ್ನ ಕಡೆ ನೋಡಿ ತೆಳ್ಳಗೆ ನಕ್ಕಳು, ಮುದುಕರ ಮನಸ್ಸು ನೋಯಿಸದೆ ಇದ್ದದ್ದಕ್ಕೆ ಥ್ಯಾಂಕ್ಸ್ ಎಂಬ ಹಾಗೆ. ಅಂಕಲ್ ನನ್ನ ಕೈಯಿಂದ ಹೆಡ್‌ಫೋನ್ ತೆಗೆದುಕೊಂಡು ವೈರು ಸುತ್ತುತ್ತಾ, "ಹಾಗಾದ್ರೆ ಹಾಡಿನಲ್ಲಿ ಉಂಟು. ಹೋದದ್ದು ನನ್ನ ಕಿವಿ" ಅಂದರು. ಆಮೇಲೆ ನೀರ್‌ದೋಸೆ ಆರುತ್ತದೆ ಎಂದು ಎಲ್ಲರನ್ನೂ ಎಬ್ಬಿಸಿದರು.

ಅದೇ ವಾರ ಕಿವಿಯ ಡಾಕ್ಟರ ಹತ್ತಿರ ಹೋದರು. ಎಪ್ಪತ್ತೈದರ ಕಿವಿ, ಸ್ವಲ್ಪ ಮಂದವಾಗಿಯೇ ಇರುತ್ತದೆ. ಡಾಕ್ಟರು ಹಾಗೆಂದದ್ದೇ ತಡ, ಇವರಿಗೆ ಅದೇ ತೀರ್ಪಾಯಿತು. ಕಿವಿಗೆ ಯಂತ್ರ ಬಂತು. ಅದರಲ್ಲಿ ಪಾತ್ರೆಯ ಸದ್ದು ಕಂಚು ಬಡಿದ ಹಾಗೆ ಕೇಳುತ್ತದೆ, ಸಂಗೀತ ಡಬ್ಬಿಯೊಳಗೆ ಹಾಡಿದ ಹಾಗಿರುತ್ತದೆ ಎಂದು ಒಂದೆರಡು ಸಲ ಹೇಳಿದರು, ಮತ್ತೆ ಹೇಳಲಿಲ್ಲ. ಆ ವರ್ಷದ ರಾಜ್ಯೋತ್ಸವಕ್ಕೆ ಮಿಕ್ಸರಿನ ಮುಂದೆ ಬೇರೆ ಯಾರೋ ಇದ್ದರು. ಕಿವಿ ಇಲ್ಲದವ ಅದನ್ನು ಮುಟ್ಟಬಾರದು ಎಂದು ಇವರೇ ಬಿಟ್ಟುಕೊಟ್ಟಿದ್ದರು. ಎಲ್ಲರಿಗೂ ಧಾರಾಳವಾಗಿ ಎಕೋ ಸಿಕ್ಕಿತು. ಅಂಕಲ್ ಕೊನೆಯ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟಿದರು.

ಆ ಹಾಡಿನ ಕತೆಯನ್ನು ಮತ್ತೆ ಹೇಳಲಿಲ್ಲ. ಅದು ಮೊದಲು ಯಾರ ಗಮನಕ್ಕೂ ಬರಲಿಲ್ಲ, ನನ್ನ ಗಮನಕ್ಕೆ ಬಂತು. ಬರ್ಕ್ಲಿಯ ಹಳೆಯ ರೆಕಾರ್ಡಿನ ಅಂಗಡಿಗಳಲ್ಲಿ ಹುಡುಕಿದರೆ ಆ ಆಲ್ಬಮ್ ಸಿಗುತ್ತಿತ್ತು. ತಂದು ಕೇಳಿಸಿದ್ದರೆ ಅವರ ಕಿವಿ ಸರಿಯಾಗಿದೆ ಎಂದು ಅವರಿಗೆ ಗೊತ್ತಾಗುತ್ತಿತ್ತು. ನಾನೇನು ಮಾಡಿದೆ ಎನ್ನುವುದೂ ಗೊತ್ತಾಗುತ್ತಿತ್ತು. ಒಂದು ಶನಿವಾರದ ಕೆಲಸ. ಎರಡು ವರ್ಷದಲ್ಲಿ ಎಷ್ಟು ಶನಿವಾರ ಬರುತ್ತವೆಯೋ ಅಷ್ಟೂ ಬಂದು ಹೋದವು. ನಾನು ಮನೆಯಲ್ಲಿ ಮೆಲ್ಲಗೆ ಹೆಜ್ಜೆ ಇಟ್ಟು ನಡೆಯತೊಡಗಿದೆ, ಎಲ್ಲಿ ಹೆಜ್ಜೆ ಕೇಳಿ ಏನಾಯಿತು ಎಂದು ಕೇಳಿಬಿಡುತ್ತಾರೋ ಎಂದು. ಅವರು ಕೇಳಲಿಲ್ಲ. ಒಮ್ಮೆ ಮೆಟ್ಟಿಲಲ್ಲಿ ಸಿಕ್ಕಾಗ, "ನೀವು ಊರಿಗೆ ಹೋಗಿದ್ರಾ? ಮೇಲೆ ಶಬ್ದವೇ ಇಲ್ಲ. ಓ, ನನ್ನ ಕಿವಿ ಅಲ್ವಾ" ಎಂದು ತಾವೇ ನಕ್ಕರು. ನಾನೂ ನಕ್ಕೆ. ಆ ನಗು ನೆನಪಾದರೆ ಈಗಲೂ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ.

ಕಳೆದ ಮಾರ್ಚಿನಲ್ಲಿ ಹೃದಯ ನಿಂತು ತೀರಿಕೊಂಡರು. ವೈಕುಂಠ ಸಮಾರಾಧನೆ ನಮ್ಮ ಅಪಾರ್ಟ್‌ಮೆಂಟಿನ ಕ್ಲಬ್‌ಹೌಸಿನಲ್ಲಿ ನಡೆಯಿತು. ಊಟವಾದ ಮೇಲೆ ಮಗಳು ಎದ್ದು ನಿಂತು, ಇಂಗ್ಲಿಷಿನಲ್ಲಿ ಅಪ್ಪನ ಬಗ್ಗೆ ಮಾತಾಡಿದಳು. ಅಪ್ಪನ ಹಾಡಿನ ಕತೆಯನ್ನೂ ಹೇಳಿದಳು. ಅಪ್ಪನ ಬೆರಳು ಅದರಲ್ಲಿದೆ, ಕೇಳುವ ಭಾಗ್ಯ ನಮಗೆ ಮಾತ್ರ ಇಲ್ಲ ಅಂದಳು. ಪ್ರೀತಿಯಿಂದಲೇ ಹೇಳಿದಳು, ಅವಳ ಕಣ್ಣು ತುಂಬಿತ್ತು. ಜನ ನಕ್ಕರು, ಅವರೂ ಪ್ರೀತಿಯಿಂದಲೇ ನಕ್ಕರು. ಜನ್ಮದಲ್ಲಿ ಸುಳ್ಳು ಹೇಳದವರು ಅಲ್ಲಿ, ಹೂವಿನ ಹಾರ ಹಾಕಿದ ಫೋಟೋದಲ್ಲಿ, ಸಿಹಿಯಾದ ಒಬ್ಬ ಸುಳ್ಳುಗಾರನಾಗಿಬಿಟ್ಟರು. ನಾನು ಎಲೆಯ ಮುಂದೆ ಕುಳಿತೇ ಇದ್ದೆ.

ಪಾರ್ಕಿಂಗಿನಲ್ಲಿ ಅವಳು ಪಾತ್ರೆಗಳನ್ನು ಕಾರಿಗೆ ಇಡುತ್ತಿದ್ದಾಗ ಹೋಗಿ ಎಲ್ಲವನ್ನೂ ಹೇಳಿದೆ. ಡಬ್ಬಿಯ ಮೇಲಿನ ಅಕ್ಷರ, ಶುಕ್ರವಾರ, ಡೇಕೇರು, ಎಲ್ಲವನ್ನೂ.

"ಸೋ, ಇಟ್ ವಾಸ್ ದೇರ್."

"ಇತ್ತು."

"ಅವತ್ತು ನೀವು ಕೇಳ್ಸುತ್ತೆ ಅಂದ್ರಲ್ಲ? ಯೂ ಲೈಡ್?"

"ಹೂಂ."

"ಅಪ್ಪ ಕಿವಿಗೆ ಮೆಷಿನ್ ಹಾಕ್ಕೊಂಡಿದ್ದು ಅದಕ್ಕೇನಾ?"

ಅದಕ್ಕೂ ಹೂಂ ಅಂದೆ. ಅವಳು ಕಾರಿನ ಡಿಕ್ಕಿ ಮುಚ್ಚಿದಳು. ಆ ಪೆಟ್ಟುಗಳನ್ನು ನನಗೆ ಕಳಿಸಿ ಅಂದಳು. ಕಸದ ಕಡತದಿಂದ ಹದಿನಾಲ್ಕು ಪೆಟ್ಟನ್ನು ತೆಗೆದು ಕಳಿಸಿದೆ. ಕರಾರು ಮುರಿದೆ. ಮುರಿಯುವುದು ಅಷ್ಟು ಸುಲಭವೆಂದು ಆಗ ಗೊತ್ತಾಯಿತು. ಮಾರನೆಯ ದಿನ ಅವಳಿಂದ ಒಂದೇ ಸಂದೇಶ ಬಂತು. ಕೇಳಿದೆ, ಅಪ್ಪನದೇ ಬೆರಳು, ಅಮ್ಮನಿಗೆ ಮಾತ್ರ ನೀವು ಯಾವತ್ತೂ ಹೇಳಬೇಡಿ, ಅಮ್ಮನಿಗೆ ಅಲ್ಲಿ ಈಗ ಇರೋದು ನೀವೊಬ್ಬರೇ. ನಿಮ್ಮನ್ನು ಕ್ಷಮಿಸಿದ್ದೇನೆ ಎಂದು ಅದರಲ್ಲಿರಲಿಲ್ಲ. ಆಮೇಲೆ ಅವಳು ನನ್ನೊಡನೆ ಮಾತಾಡಿಲ್ಲ.

ಆಂಟಿ ಈಗಲೂ ಕೆಳಗಿನ ಮನೆಯಲ್ಲೇ ಇದ್ದಾರೆ. ವಾರಕ್ಕೊಮ್ಮೆಯಾದರೂ ಊಟಕ್ಕೆ ಕರೆಯುತ್ತಾರೆ. ಹೋಗದಿದ್ದರೆ ಡಬ್ಬಿ ಹಿಡಿದು, ಮೊಣಕಾಲು ಹಿಡಿದುಕೊಂಡು, ಮೆಟ್ಟಿಲು ಹತ್ತಿ ಬರುತ್ತಾರೆ. ಹಾಗಾಗಿ ನಾನೇ ಹೋಗುತ್ತೇನೆ. ಮೊನ್ನೆ ಪತ್ರೊಡೆ ಮಾಡಿದ್ದರು. ಎರಡನೇ ಸಲ ಬಡಿಸುವಾಗ ನನ್ನ ತಲೆ ಮೇಲೆ ಕೈಯಿಟ್ಟು ಹೇಳಿದರು, "ಹೊಟ್ಟೆ ತುಂಬ ತಿನ್ನು ಮಗಾ. ಹೆತ್ತ ಮಗಳೂ ಅವರ ಮಾತು ನಂಬ್ಲಿಲ್ಲ, ಕಟ್ಟಿಕೊಂಡ ನಾನೂ ತಮಾಷೆ ಮಾಡಿದೆ. ನಂಬಿದ್ದು ನೀನೊಬ್ಬಳೇ." ನಾನು ತಲೆಯೆತ್ತದೆ ತಿಂದೆ.